ಎಂಟಕ್ಕೆ ಕಂಚು, ಒಂದಕ್ಕೆ ಕಾಗದ

ನವೆಂಬರ್ 10

ಸಿಂಚನಳಿಗೆ ಮತ್ತೆ ಜ್ವರ. ಹೊಸಕೋಟೆಗೆ ಕರೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿದೆ. ಬಸ್‌ಸ್ಟ್ಯಾಂಡಿಗೆ ವಾಪಸ್ಸು ಬರುವ ದಾರಿಯಲ್ಲಿ ಹೊಸದೊಂದು ಗಿಫ್ಟ್ ಅಂಗಡಿ ಆಗಿದೆ. ಗಾಜಿನ ಬಾಗಿಲು. ನಾನೊಬ್ಬಳೇ ಆಗಿದ್ದರೆ ಆ ಬಾಗಿಲು ತಳ್ಳುತ್ತಿರಲಿಲ್ಲ. ಮಗು ಒಳಗಿದ್ದ ಕರಡಿ ಗೊಂಬೆ ನೋಡಬೇಕೆಂದು ಹಟ ಮಾಡಿತು.

ಕೌಂಟರಿನ ಹುಡುಗಿ ಎದ್ದು ಬಂದಳು. "ಏನ್ ಬೇಕಕ್ಕಾ? ಬರ್ತ್‌ಡೇಗಾ, ಆನಿವರ್ಸರಿಗಾ?"

"ಆನಿವರ್ಸರಿಗೆ" ಅಂದುಬಿಟ್ಟೆ. ಸುಮ್ಮನೆ ನೋಡಲು ಬಂದೆ ಎಂದು ಹೇಳುವ ಧೈರ್ಯ ಬರಲಿಲ್ಲ.

"ಎಷ್ಟನೇ ವರ್ಷ?"

ಗೋಡೆಯ ಮೇಲೆ ದೊಡ್ಡ ಪಟ ಅಂಟಿಸಿದ್ದರು. ಮದುವೆಯಾದ ಒಂದೊಂದು ವರ್ಷಕ್ಕೂ ಎರಡೆರಡು ಉಡುಗೊರೆ, ಒಂದು ಹಳೇ ಪದ್ಧತಿಯದು, ಒಂದು ಹೊಸ ಪದ್ಧತಿಯದು. ಮೊದಲನೇ ವರ್ಷದ ಸಾಲನ್ನು ಕಣ್ಣಲ್ಲೇ ಓದಿಕೊಂಡೆ. ಹಳೆಯದು ಕಾಗದ, ಹೊಸದು ಗಡಿಯಾರ. ಅಷ್ಟರಲ್ಲಿ ಹುಡುಗಿ ನನ್ನ ಸೊಂಟದ ಮೇಲಿದ್ದ ಐದು ವರ್ಷದ ಮಗುವನ್ನು ನೋಡಿದಳು. ಅವಳ ಹುಬ್ಬು ಏಳುವ ಮೊದಲೇ ನನ್ನ ಬಾಯಿ "ಎಂಟು" ಅಂದಿತು.

"ಎಂಟಕ್ಕೆ ಹಳೇ ಪ್ರಕಾರ ಕಂಚು ಅಕ್ಕಾ. ಹೊಸ ಪ್ರಕಾರ ಲೇಸು, ಲಿನನ್ನು. ತೋರಿಸ್ಲಾ?"

"ಇನ್ನೊಂದಿನ ಬರ್ತೀನಿ" ಎಂದು ಓಡಿ ಬಂದೆ.

ಎಂಟು ನನ್ನ ಲೆಕ್ಕವಲ್ಲ, ರೂಪಕ್ಕನದು. ಅಕ್ಕ ಎಂಟು ವರ್ಷದ ಹಿಂದೆ ಈ ಮನೆಗೆ ಬಂದವಳು. ಡೆಂಗಿ ಜ್ವರ ಬಂದು ಹೋದಳು, ಎರಡು ವರ್ಷವಾಯಿತು. ಅವಳ ಮಗು ಸಿಂಚನಳನ್ನು ನೋಡಿಕೊಳ್ಳುವವರು ಬೇಕು ಎಂದು ಹಿರಿಯರೆಲ್ಲ ಕೂತು ಮಾತಾಡಿ, ಕಳೆದ ಡಿಸೆಂಬರ್ ಐದಕ್ಕೆ ದೇವಸ್ಥಾನದಲ್ಲಿ ನನಗೆ ಭಾವನಿಂದ ತಾಳಿ ಕಟ್ಟಿಸಿದರು. ಈಗಲೂ ಅವರನ್ನು ಭಾವ ಎಂದೇ ಕರೆಯುತ್ತೇನೆ. ಬೇರೆ ಹೇಗೆ ಕರೆಯಬೇಕೆಂದು ಯಾರೂ ಹೇಳಿಕೊಡಲಿಲ್ಲ.

ನವೆಂಬರ್ 12

ನಮ್ಮತ್ತೆ ಪಿಳ್ಳಮ್ಮ ಬೆಳಿಗ್ಗೆ ಶಾಸ್ತ್ರ ಕೇಳಲು ಹೋಗಿದ್ದರು. ಬಂದವರೇ ನೀರೂ ಕುಡಿಯದೆ ನನ್ನನ್ನು ಕರೆದರು.

"ಮಗೀಗೆ ಪದೇ ಪದೇ ಜ್ವರ ಯಾಕ್ ಬರ್ತದೆ ಗೊತ್ತೇನಮ್ಮಿ? ಹಿರಿಯವಳಿಗೆ ತೃಪ್ತಿ ಆಗಿಲ್ವಂತೆ. ನೀನು ಬಂದು ವರ್ಷ ತುಂಬೋ ದಿನ ಬಿಲ್ಲೆ ಹಾಕಿಸ್ಬೇಕಂತೆ."

ಸವತಿ ಬಿಲ್ಲೆ. ಚಿಕ್ಕಂದಿನಲ್ಲಿ ಯಾರದೋ ಕುತ್ತಿಗೆಯಲ್ಲಿ ನೋಡಿದ್ದೆ. ತೀರಿಹೋದ ಮೊದಲ ಹೆಂಡತಿಯ ಹೆಸರಿನಲ್ಲಿ ಚಿನ್ನದ ಸಣ್ಣ ಬಿಲ್ಲೆ ಮಾಡಿಸಿ, ಎರಡನೆಯವಳ ತಾಳಿಯ ಪಕ್ಕದಲ್ಲೇ ಸೇರಿಸುತ್ತಾರೆ. ಸತ್ತವಳು ಹೊಟ್ಟೆಕಿಚ್ಚು ಪಡದೆ ಇರಲಿ ಎಂದು.

"ಭಾವ ಏನಂತಾರೆ?" ಎಂದು ಕೇಳಿದೆ. ನನ್ನ ದನಿ ನನಗೇ ಕೇಳಿಸಲಿಲ್ಲ.

"ಅವ್ನೇನ್ ಅಂತಾನೆ? ಹೂಂ ಅಂದ."

ಅಂಗಡಿಯ ಪಟದಲ್ಲಿದ್ದದ್ದು ಯಾವ ಊರಿನ ಹಳೇ ಪದ್ಧತಿಯೋ. ಈ ಮನೆಯ ಪದ್ಧತಿ ನನಗೆ ಗೊತ್ತು. ನನಗೆ ಏನು ತಂದರೂ ಮೊದಲು ಅಕ್ಕನ ಫೋಟೋದ ಮುಂದೆ ಇಡಬೇಕು. ದೀಪಾವಳಿಯ ಸೀರೆ, ಗಾಜಿನ ಬಳೆ, ಹೂವು, ಸಂತೆಯಿಂದ ತಂದ ಹಣ್ಣು, ಎಲ್ಲವೂ. ಊದುಬತ್ತಿ ಹಚ್ಚಿ ಕೈಮುಗಿದು ಸ್ವಲ್ಪ ಹೊತ್ತು ಬಿಟ್ಟು ಆಮೇಲೆ ನಾನು ತೆಗೆದುಕೊಳ್ಳಬೇಕು. ಮೊದಮೊದಲು ನನಗೂ ಅದು ಸರಿಯೆನಿಸುತ್ತಿತ್ತು. ಚಿಕ್ಕಂದಿನಿಂದ ಅಕ್ಕನ ಬಟ್ಟೆಯನ್ನೇ ಹಾಕಿ ಬೆಳೆದವಳು ನಾನು. ಈಗ ಹೊಸ ಸೀರೆಗೂ ಊದುಬತ್ತಿಯ ವಾಸನೆ ಇರುತ್ತದೆ.

ಒಂದೇ ಒಂದು ವಸ್ತು ಬೇಕು. ಫೋಟೋದ ಮುಂದೆ ಇಡದೆ ನೇರವಾಗಿ ನನ್ನ ಕೈಗೆ ಬರುವಂಥದ್ದು. ಸೂಜಿಯಾದರೂ ಆದೀತು. ಇದನ್ನು ಯಾರ ಹತ್ತಿರ ಕೇಳುವುದು? ಕೇಳಿದರೆ ಸತ್ತ ಅಕ್ಕನ ಮೇಲೆ ಹೊಟ್ಟೆಕಿಚ್ಚು ಅನ್ನುತ್ತಾರೆ.

ನವೆಂಬರ್ 17

ನಾನೇ ಮೊದಲು ಭಾವನಿಗೆ ಏನಾದರೂ ಕೊಟ್ಟರೆ, ಅವರಿಗೂ ಕೊಡಬೇಕೆನಿಸಬಹುದು. ಹೀಗೆ ಯೋಚಿಸಿ ಮತ್ತೆ ಆ ಅಂಗಡಿಗೆ ಹೋದೆ. ಕಾಗದ ಅಂದರೆ ಏನು ಕೊಡುವುದು? ಲಗ್ನಪತ್ರಿಕೆ ಕಾಗದದ್ದೇ. ನಮ್ಮ ಮದುವೆಗೆ ಅದನ್ನೂ ಮಾಡಿಸಲಿಲ್ಲ. ಹಾಗಾಗಿ ಗಡಿಯಾರ ಎಂದುಕೊಂಡೆ. ಅವರ ಕೈಯಲ್ಲಿರುವುದು ರೂಪಕ್ಕ ಕೊಡಿಸಿದ ವಾಚು. ಅದಕ್ಕೇ ಗೋಡೆಗೆ ಹಾಕುವಂಥದ್ದು ನೋಡಿದೆ. ನೀಲಿ ಬಣ್ಣದ್ದೊಂದು ಚೆನ್ನಾಗಿತ್ತು.

ಹುಡುಗಿಗೆ ನನ್ನ ಗುರುತು ಸಿಕ್ಕಿಬಿಟ್ಟಿತು. "ಓ, ಎಂಟನೇ ವರ್ಷದ ಅಕ್ಕ ಅಲ್ವಾ? ನಿಮ್ಗೆ ಕ್ಲಾಕ್ ಬರಲ್ಲಕ್ಕಾ, ಅದು ಹೊಸದಾಗಿ ಮದ್ವೆ ಆದೋರಿಗೆ. ನಿಮ್ದು ಕಂಚು, ಬನ್ನಿ ಈ ಕಡೆ."

ನಾನೂ ಹೊಸದಾಗಿ ಮದುವೆಯಾದವಳೇ ಎಂದು ಹೇಳಬೇಕಿತ್ತು. ನಾಲಗೆ ಏಳಲಿಲ್ಲ. ಕಂಚಿನ ಆನೆ, ಕಂಚಿನ ಗಂಟೆ, ಕಂಚಿನ ದೀಪ ಎಲ್ಲವನ್ನೂ ತಲೆಯಾಡಿಸಿಕೊಂಡು ನೋಡಿ, ಬರಿಗೈಯಲ್ಲಿ ಬಂದೆ.

ಏಳನೇ ಕ್ಲಾಸು ಮುಗಿದ ಮೇಲೆ ಹೈಸ್ಕೂಲಿಗೆ ಸೇರದಿದ್ದಕ್ಕೂ ಇದೇ ಕಾರಣ. ಬಸ್ಸಿನಲ್ಲಿ ಕಂಡಕ್ಟರಿಗೆ ಊರಿನ ಹೆಸರು ಹೇಳಲು ನಾಚಿಕೆ. ಆಗ ಅಕ್ಕ ಜೊತೆಗಿದ್ದರೆ ಅವಳೇ ಹೇಳುತ್ತಿದ್ದಳು.

ನವೆಂಬರ್ 20

ಅಕ್ಕಸಾಲಿಗರ ಹತ್ತಿರ ಬಿಲ್ಲೆಗೆ ಹೇಳಿ ಬಂದರಂತೆ. ಅತ್ತೆ ಊಟದ ಹೊತ್ತಿನಲ್ಲಿ ಹೇಳಿದರು. ಭಾವ ತಟ್ಟೆಯಿಂದ ತಲೆ ಎತ್ತಲಿಲ್ಲ.

ನವೆಂಬರ್ 24

ಈ ವರ್ಷದ ಮೊದಲ ಅವರೆಕಾಯಿ ಬಂತು. ಜಗಲಿಯಲ್ಲಿ ಕೂತು ಹಿತಕಬೇಳೆ ಮಾಡುತ್ತಿದ್ದೆವು. ಪಕ್ಕದ ಮನೆಯ ಪಾಪಮ್ಮನೂ ಬಂದು ನೆನೆದ ಕಾಳಿಗೆ ಕೈಹಾಕಿದರು.

"ರೂಪಾ, ಇನ್ನೊಂದು ಮೊರ ಕೊಡು" ಅಂದರು. ನಾನು ಎದ್ದು ಕೊಟ್ಟೆ. ಹೆಸರು ತಪ್ಪಾಯಿತೆಂದು ಅವರಿಗೂ ಅನಿಸಲಿಲ್ಲ, ಅತ್ತೆಗೂ ಅನಿಸಲಿಲ್ಲ.

"ಆನಿವರ್ಸರಿಗೆ ಕೇಕು ತರ್ತಾನಾ ಮನೋಹರ?" ಎಂದು ಪಾಪಮ್ಮ ಭಾವನ ಹೆಸರು ಹಿಡಿದು ಕೇಳಿದರು.

"ಕೇಕು ಯಾಕೆ, ಹೋಳಿಗೆ ಮಾಡ್ತೀವಿ. ಅವಳಿಗೆ ಹೋಳಿಗೆ ಅಂದ್ರೆ ಪ್ರಾಣ."

ಅತ್ತೆ ಹೇಳಿದ ಅವಳು ನಾನಲ್ಲ. ಯಾರು ಎಂದು ಪಾಪಮ್ಮನೂ ಕೇಳಲಿಲ್ಲ. ಕಾಳು ಹಿಸುಕುತ್ತ ಹೋದೆ. ಬೇಳೆ ಈ ಕಡೆ ಜಿಗಿಯುತ್ತದೆ, ಸಿಪ್ಪೆ ಬೆರಳಲ್ಲೇ ಉಳಿಯುತ್ತದೆ.

ಬೆಳಿಗ್ಗೆ ಫೋಟೋ ಒರೆಸುವಾಗ ನೋಡಿದೆ. ಅದು ಅವರ ಮದುವೆಯ ಫೋಟೋದಿಂದ ಕತ್ತರಿಸಿ ದೊಡ್ಡದು ಮಾಡಿಸಿದ್ದು. ಅಂಚಿನಲ್ಲಿ ಭಾವನ ಭುಜ ಉಳಿದುಕೊಂಡಿದೆ, ಬಿಳಿ ರೇಷ್ಮೆ ಶರ್ಟಿನದು. ದಿನಾ ಅದನ್ನೂ ಒರೆಸುತ್ತೇನೆ. ನಾನು, ಸಿಂಚನ, ಅತ್ತೆ ಒಳಕೋಣೆಯಲ್ಲಿ ಮಲಗುತ್ತೇವೆ. ಗೋಡೌನ್ ಡ್ಯೂಟಿ ಮುಗಿಸಿ ಬಂದು ಭಾವ ನಡುಮನೆಯಲ್ಲಿ, ಆ ಫೋಟೋದ ಕೆಳಗೇ ಮಲಗುತ್ತಾರೆ. ರೂಪಳ ಅದೃಷ್ಟ. ಹೋದ ಮೇಲೂ ಕಾವಲಿಗೆ ಗಂಡ ಇದ್ದಾನೆ.

ಇದನ್ನು ಬರೆದು ಹೊಡೆದುಹಾಕಿದೆ. ಆಮೇಲೆ ಮತ್ತೆ ಬರೆದೆ.

ನವೆಂಬರ್ 28

ಇಸ್ತ್ರಿ ಬಟ್ಟೆ ಇಡಲು ಬೀರು ತೆಗೆದೆ. ಭಾವನ ಶರ್ಟುಗಳ ಹಿಂದೆ ಒಂದು ಡಬ್ಬ. ಬಂಗಾರದ ಬಣ್ಣದ ಹಾಳೆ ಸುತ್ತಿ, ಮೇಲೆ ಹೃದಯದ ಚಿತ್ರದ ಸ್ಟಿಕರ್ ಅಂಟಿಸಿದೆ. ಅದೇ ಅಂಗಡಿಯ ಹೆಸರು. ಒಂದು ಕ್ಷಣ ಮೈಯೆಲ್ಲ ಬಿಸಿಯಾಯಿತು. ಭಾವ ನನಗೆ ತಂದಿದ್ದಾರೆ.

ಸ್ಟಿಕರ್ ಓದಿದೆ. ಹೃದಯದ ಒಳಗೆ ಎಂಟು ಎಂದು ಅಚ್ಚಾಗಿದೆ. ಹಾಳೆ ಒಂದು ಮೂಲೆಯಲ್ಲಿ ಹರಿದಿತ್ತು. ಒಳಗೆ ಕಂಚಿನ ದೀಪ.

ಹಾಗಾದರೆ ಎಲ್ಲವೂ ಅವಳಿಗೇ. ಅವರ ಲೆಕ್ಕ ನಿಂತೇ ಇಲ್ಲ. ಆರು ವರ್ಷ ಬಾಳಿದಳು, ಇಲ್ಲದೆ ಎರಡು ವರ್ಷ, ಎಲ್ಲ ಸೇರಿಸಿ ಎಂಟು. ಅದರೊಳಗೆ ನನ್ನ ಒಂದು ವರ್ಷ ಎಲ್ಲಿ ಹೋಯಿತು?

ಬಟ್ಟೆ ಮಡಿಸಿ ಇಟ್ಟೆ. ಸಿಂಚನಳಿಗೆ ಊಟ ಮಾಡಿಸಿದೆ. ನನಗೆ ಸೇರಲಿಲ್ಲ. ಎಲ್ಲಿಗಾದರೂ ಹೋಗಿಬಿಡಬೇಕು.

ನವೆಂಬರ್ 30

ತವರೂರು ಜಡಿಗೇನಹಳ್ಳಿಗೆ ಹೋಗಿ ಬಂದೆ. ವಾಪಸ್ಸು ಬರುವುದಿಲ್ಲ ಎಂದುಕೊಂಡೇ ಹೋಗಿದ್ದೆ. ಬ್ಯಾಗಿನಲ್ಲಿ ಎರಡು ಸೀರೆ ಜಾಸ್ತಿ ಇಟ್ಟುಕೊಂಡಿದ್ದೆ.

ಅಮ್ಮ ನನ್ನನ್ನು ನೋಡಿದ ಕೂಡಲೇ ಪೆಟ್ಟಿಗೆ ತೆಗೆದು ಎರಡು ಹೊಸ ಸೀರೆ ತೋರಿಸಿದರು. ಒಂದು ಕೆಂಪು, ಒಂದು ಹಸಿರು.

"ಕೆಂಪು ಅವಳ್ಗೆ ಇಡು. ಪೂಜೆ ಆದ್ಮೇಲೆ ಎರಡನ್ನೂ ನೀನೇ ಉಟ್ಕೋ."

"ಅಮ್ಮ, ನಾನು ಇಲ್ಲೇ ಇರ್ತೀನಿ."

"ಎಷ್ಟ್ ದಿನ?"

"ಇಲ್ಲೇ. ಅಲ್ಲಿಗೆ ಹೋಗಲ್ಲ."

ಅಮ್ಮ ಸೀರೆ ಮಡಿಲಲ್ಲಿ ಇಟ್ಟುಕೊಂಡು ಕೂತರು. ಅನುಸೂಯಮ್ಮ ಅಂದರೆ ಊರಿಗೆಲ್ಲ ಗಟ್ಟಿಗಿತ್ತಿ. ಈಗ ಸೀರೆಯ ಅಂಚನ್ನು ಮಡಿಸುತ್ತ ಬಿಚ್ಚುತ್ತ ಇದ್ದರು.

"ಹೊಡೀತಾನಾ? ಕುಡೀತಾನಾ?"

"ಇಲ್ಲ."

"ಮತ್ತೇನೇ ನಿನ್ ಕಷ್ಟ?"

ಏನೆಂದು ಹೇಳಲಿ? ನನಗೆ ಯಾರೂ ಏನೂ ಮಾಡಿಲ್ಲ. ಅದೇ ನನ್ನ ಕಷ್ಟ. "ಬಿಲ್ಲೆ ಬೇಡಮ್ಮ" ಎಂದಷ್ಟೇ ಹೇಳಿದೆ.

"ಹಂಗನ್ಬೇಡ ಮಗ" ಎಂದು ಕೈ ಹಿಡಿದುಕೊಂಡರು. "ಅವಳನ್ನ ಎಲ್ಲಿ ಅಂತ ಹುಡುಕ್ಲಿ ನಾನು? ನಿನ್ ಕುತ್ತಿಗೇಲಿ ಇದ್ರೆ ಇಬ್ರೂ ಒಟ್ಟಿಗೆ ಇದೀರಾ ಅಂದ್ಕೊಂತೀನಿ. ನನ್ಗೋಸ್ಕರ ಹಾಕ್ಕೋ."

ಮುಸ್ಸಂಜೆಯ ಬಸ್ಸಿಗೆ ಅಮ್ಮನೇ ಹತ್ತಿಸಿದರು. ಅಮ್ಮನಿಗೂ ಅವಳೇ ಬೇಕು. ನಾನು ಅವಳನ್ನು ತೂಗುಹಾಕುವ ಮೊಳೆ.

ಡಿಸೆಂಬರ್ 2

ಬಿಲ್ಲೆ ಬಂತು. ಹುಣಸೆ ಬೀಜದಷ್ಟಿದೆ. ಮೇಲೆ ಒಂದು ಹೆಂಗಸಿನ ಆಕಾರ ಗೀರಿದ್ದಾರೆ. ಕಣ್ಣು ಮೂಗು ಇಲ್ಲ. ಅವಳ ಹಾಗೂ ಇಲ್ಲ, ಯಾರ ಹಾಗೂ ಇಲ್ಲ.

ಡಿಸೆಂಬರ್ 4

ಹೂರಣ ರುಬ್ಬಿ ಕೈ ಸೋತಿದೆ. ನಾಳೆಯಿಂದ ನಾನು ಇರುವುದಿಲ್ಲ ಅನಿಸುತ್ತಿದೆ. ಇರುತ್ತೇನೆ, ಅಡುಗೆ ಮಾಡುತ್ತೇನೆ, ಮಗುವಿಗೆ ಜಡೆ ಹಾಕುತ್ತೇನೆ. ಆದರೆ ಪವಿತ್ರ ಎಂದು ಯಾರಾದರೂ ಕರೆದರೆ ತಿರುಗಿ ನೋಡಲು ಯಾರೂ ಇರುವುದಿಲ್ಲ.

ಡಿಸೆಂಬರ್ 5

ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ಫೋಟೋದ ಮುಂದೆ ಎಲೆ ಹಾಕಿ ಹೋಳಿಗೆ, ಹಿತಕಬೇಳೆ ಸಾರು ಬಡಿಸಿದ್ದರು. ಕೆಂಪು ಸೀರೆಯ ಮೇಲೆ ಹಸಿರು ಸೀರೆ, ಅದರ ಮೇಲೆ ಅರಿಶಿನ ಹಚ್ಚಿದ ಬಿಲ್ಲೆ. ಅಮ್ಮ ಬಂದಿದ್ದರು. ಪಾಪಮ್ಮ, ಬೀದಿಯ ಮೂರು ನಾಲ್ಕು ಹೆಂಗಸರು. ಭಾವ ರಜೆ ಹಾಕಿದ್ದರು. ಕಂಚಿನ ದೀಪ ಎಲ್ಲೂ ಕಾಣಲಿಲ್ಲ.

ಮಂಗಳಾರತಿ ಆಯಿತು. ಬಿಲ್ಲೆಯನ್ನು ಗಂಡನೇ ಸರಕ್ಕೆ ಸೇರಿಸಬೇಕಂತೆ. ಭಾವ ನನ್ನ ಎದುರು ಕೂತರು. ತಾಳಿ ಸರದ ಕೊಂಡಿ ಬಿಚ್ಚಲು ಕುತ್ತಿಗೆಯ ಹತ್ತಿರ ಕೈ ತಂದರು. ಅವರ ಬೆರಳಿನಲ್ಲಿ ಗೋಡೌನಿನ ಅಂಟುಟೇಪಿನ ವಾಸನೆ ಇತ್ತು. ತಾಳಿ ಕಟ್ಟಿದ ದಿನ ಬಿಟ್ಟರೆ ಅವರು ಇಷ್ಟು ಹತ್ತಿರ ಬಂದದ್ದು ಇವತ್ತೇ. ಸುಮ್ಮನೆ ಇದ್ದುಬಿಡೋಣ ಅನಿಸಿತು. ಈ ಕೈ ಇಷ್ಟು ಹೊತ್ತು ಇಲ್ಲಿರುವುದಾದರೆ ಬಿಲ್ಲೆ ಹಾಕಿಸಿಕೊಂಡರೆ ಏನಾಯಿತು? ನಿಜವಾಗಿ ಹಾಗೇ ಅನಿಸಿತು.

ಆಗ ಬಾಯಿ ತೆರೆಯಿತು. "ಬೇಡ ಭಾವ."

"ಏನಂದ್ಲು?" ಪಾಪಮ್ಮ ಮುಂದೆ ಬಾಗಿದರು.

"ಬಿಲ್ಲೆ ಬೇಡ. ಇದು ಸವತಿಗೆ ಮಾಡಿಸೋದು. ನಾನು ಅಕ್ಕಂಗೆ ಸವತಿ ಅಲ್ಲ, ತಂಗಿ. ಅಕ್ಕಂಗೆ ನನ್ ಮೇಲೆ ಯಾಕೆ ಹೊಟ್ಟೆಕಿಚ್ಚು? ಜಾತ್ರೆಲಿ ಒಂದೇ ಬತ್ತಾಸು ಸಿಕ್ಕಿದ್ರೆ ನನ್ ಬಾಯಿಗೆ ಇಟ್ಟೋಳು ಅವಳು."

ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡರು. ಅತ್ತೆಯ ಮುಖ ಕಪ್ಪಾಯಿತು.

"ನಾಕ್ ಜನದ ಮುಂದೆ ಮಾನ ಕಳೀತೀಯಾ? ಮಗೀಗೆ ಏನಾದ್ರೂ ಆದ್ರೆ ನೀನ್ ತಂದ್ಕೊಡ್ತೀಯಾ?" ಎಂದು ಕೂಗಿದರು. ಕೂಗುತ್ತಲೇ ರವಿಕೆಯ ಒಳಗಿನಿಂದ ಕಪ್ಪು ದಾರವೊಂದನ್ನು ಎಳೆದರು. ದಾರದಲ್ಲಿ ಸವೆದುಹೋದ ಬಿಲ್ಲೆ ನೇತಾಡುತ್ತಿತ್ತು. ಇಷ್ಟು ದಿನ ಒಂದೇ ಕೋಣೆಯಲ್ಲಿ ಮಲಗಿದರೂ ನಾನು ಅದನ್ನು ಕಂಡಿರಲಿಲ್ಲ. "ನೋಡಿಲ್ಲಿ! ನಿಮ್ ಮಾವನ ಮೊದಲ್ನೇ ಹೆಂಡ್ತಿ, ಮುನಿರತ್ನಮ್ಮ ಅಂತ. ಮಾವ ಹೋದಾಗ ತಾಳಿ ತೆಗುದ್ರು, ಬಳೆ ಒಡುದ್ರು, ಇದನ್ನ ಮುಟ್ಟೋಕೆ ಯಾರ್ಗೂ ಧೈರ್ಯ ಬರ್ಲಿಲ್ಲ. ಅವಳ ಮುಖಾನೇ ನೋಡಿಲ್ಲ ನಾನು! ಇಷ್ಟ್ ವರ್ಷ ಹೊತ್ಕಂಡಿಲ್ವಾ? ನಾನೇನು ಬೇಡ ಅಂದ್ನಾ?"

ಅತ್ತೆಗೂ ತಾವು ಆಡಿದ್ದು ಕೇಳಿಸಿದಂತಿತ್ತು. ಕೈಯಲ್ಲಿ ಬಿಲ್ಲೆ ಹಿಡಿದುಕೊಂಡೇ ನಿಂತಿದ್ದರು.

ಭಾವ ನನ್ನ ಸರದ ಕೊಂಡಿಯನ್ನು ಮತ್ತೆ ಹಾಕಿ ಭದ್ರ ಮಾಡಿದರು. ಹೊಸ ಬಿಲ್ಲೆಯನ್ನು ತಟ್ಟೆಯಲ್ಲಿ ಇಟ್ಟರು. "ಬಲವಂತ ಬೇಡ ಬಿಡಮ್ಮ" ಎಂದು ಅತ್ತೆಗೆ ಹೇಳಿದರು. ಅಷ್ಟೇ.

ಬಂದವರೆಲ್ಲ ತಲೆ ಬಗ್ಗಿಸಿ ಊಟ ಮಾಡಿದರು. ಕೊನೆಗೆ ಪಾಪಮ್ಮನೇ "ಹೋಳಿಗೆ ಮಾತ್ರ ಚೆನ್ನಾಗಾಗೈತೆ ಕಣವ್ವ" ಅಂದರು.

ಸಾಯಂಕಾಲ ನಲ್ಲಿಯ ಹತ್ತಿರ ಪಾತ್ರೆ ತೊಳೆಯುತ್ತಿದ್ದೆ. ಭಾವ ಬಂದು ನಿಂತರು. ನಾನೇ ಕೇಳಿದೆ, "ಬೀರುವಿನಲ್ಲಿ ಇರೋ ದೀಪ ಇಡ್ಲಿಲ್ವಲ್ಲ, ಅಕ್ಕನ ಮುಂದೆ."

"ಅದು ಅವಳ್ಗಲ್ಲ. ನಿಂಗೇ ತಂದಿದ್ದು."

"ಎಂಟು ಅಂತ ಇದೆ."

ಅವರು ಕತ್ತು ಕೆರೆದುಕೊಂಡರು. "ಆ ಹುಡ್ಗಿ ಎಷ್ಟನೇ ವರ್ಷ ಅಂದ್ಲು. ಪಕ್ಕದಲ್ಲಿ ನಮ್ ಗೋಡೌನ್ ಹುಡುಗ್ರು ಇದ್ರು. ಈ ವಯಸ್ಸಲ್ಲಿ ಒಂದು ಅನ್ನೋಕೆ ನಾಚಿಕೆ ಆಗೋಯ್ತು, ಎಂಟು ಅಂದ್ಬಿಟ್ಟೆ. ಮನೆಗ್ ತಂದ್ಮೇಲೆ ಆ ಸ್ಟಿಕರ್ ಕಿತ್ತಾಕೋಕ್ ನೋಡ್ದೆ, ಹಾಳೆ ಹರಿದೋಯ್ತು. ಹೆಂಗ್ ಕೊಡ್ಲಿ?"

ನಾನು ಬೋಗುಣಿಯ ಒಳಗೆ ಮುಖ ಹಾಕಿ ಉಜ್ಜಿದೆ. ಅದೇ ಅಂಗಡಿಯಲ್ಲಿ, ಅದೇ ಹುಡುಗಿಗೆ, ನಾನೂ ಅದನ್ನೇ ಹೇಳಿದ್ದೆ. ಅವರಿಗೆ ತಿಳಿಸಲಿಲ್ಲ. ನಗು ಬಂತೋ ಅಳು ಬಂತೋ ಗೊತ್ತಾಗಲಿಲ್ಲ.

ಡಿಸೆಂಬರ್ 6

ಬೆಳಿಗ್ಗೆ ಸಿಂಚನಳ ಮೈ ಕೆಂಡ. ಅತ್ತೆ ನನ್ನನ್ನು ನೋಡಿದರು. ಆ ನೋಟಕ್ಕಿಂತ ಬೈಗುಳವೇ ವಾಸಿ. ನಾನೇ ಬಿಲ್ಲೆ ಇಟ್ಟಿದ್ದ ತಟ್ಟೆ ಹುಡುಕಿಕೊಂಡು ಹೋದೆ. ಬಿಲ್ಲೆ ಹಾಕಿಕೊಂಡುಬಿಡುತ್ತೇನೆ, ತಪ್ಪಾಯಿತು ಎಂದು ಫೋಟೋದ ಮುಂದೆ ಕೂತು ಅತ್ತುಬಿಟ್ಟೆ. ಅಕ್ಕಾ, ನಿನ್ನ ಮಗಳನ್ನು ಬಿಟ್ಟುಬಿಡು ಎಂದು ಬೇಡಿಕೊಂಡೆ. ಹಾಗೆ ಬೇಡಿಕೊಳ್ಳುವಾಗಲೇ ಅನಿಸಿತು, ಮಗುವಿಗೆ ಜ್ವರ ಬಂದರೆ ನಿದ್ದೆಗೆಟ್ಟು ಕೂರುತ್ತಿದ್ದವಳಿಗೆ ನಾನು ಇದೇನು ಮಾತು ಆಡುತ್ತಿದ್ದೇನೆ. ಬಿಲ್ಲೆಯನ್ನು ತಟ್ಟೆಯಲ್ಲೇ ಬಿಟ್ಟು ಎದ್ದೆ.

ಭಾವ ಬೈಕ್ ತೆಗೆದರು. ಮಗುವನ್ನು ಮಧ್ಯದಲ್ಲಿ ಕೂರಿಸಿಕೊಂಡು ಹೊಸಕೋಟೆಗೆ ಹೋದೆವು. ಈ ಸಲ ಬೇರೆ ಡಾಕ್ಟರು. ಅವರು ರಕ್ತ, ಮೂತ್ರ ಎರಡನ್ನೂ ಪರೀಕ್ಷೆಗೆ ಬರೆದರು. ಎಷ್ಟು ದಿನದಿಂದ, ಉಚ್ಚೆಗೆ ಹೋಗುವಾಗ ಅಳುತ್ತಾಳಾ, ಎಂದೆಲ್ಲ ಕೇಳಿದರು. ಎಲ್ಲಕ್ಕೂ ನಾನೇ ಉತ್ತರ ಹೇಳಿದೆ. ಭಾವನಿಗೆ ಒಂದೂ ಗೊತ್ತಿರಲಿಲ್ಲ.

ಡಿಸೆಂಬರ್ 8

ಮೂತ್ರದ ಸೋಂಕಂತೆ. ಪೂರ್ತಿ ವಾಸಿಯಾಗದೆ ಮತ್ತೆ ಮತ್ತೆ ಮರುಕಳಿಸುತ್ತಿತ್ತಂತೆ. ಔಷಧಿ ಶುರುವಾಗಿದೆ. ಇವತ್ತು ಎರಡು ಇಡ್ಲಿ ತಿಂದಳು.

ಅತ್ತೆ ನನ್ನ ಜೊತೆ ಮಾತಾಡುತ್ತಿಲ್ಲ. ಆದರೆ ಮಧ್ಯಾಹ್ನ ಅವರೆಕಾಯಿ ಬುಟ್ಟಿಯನ್ನು ತಂದು ಇಬ್ಬರ ನಡುವೆ ಇಟ್ಟರು. ಬಿಡಿಸುತ್ತ ಬಿಡಿಸುತ್ತ ಒಂದು ಮಾತು ಕೇಳಿದರು. "ಬೇಡ ಅಂದಾಗ ಭಯ ಆಗ್ಲಿಲ್ವಾ ನಿಂಗೆ?"

"ಆಯ್ತು ಅತ್ತೆ. ಈಗ್ಲೂ ಆಗ್ತದೆ."

ಹೂಂ ಅಂದರು. ಅವರ ಕಪ್ಪು ದಾರ ಇವತ್ತು ರವಿಕೆಯ ಹೊರಗೇ ಇತ್ತು. ಒಳಗೆ ಹಾಕಿಕೊಳ್ಳಲಿಲ್ಲ.

ಡಿಸೆಂಬರ್ 11

ಭಾವ ಕೆಲಸದ ಮೇಲೆ ದೇವನಹಳ್ಳಿಗೆ ಹೋಗಿದ್ದರು. ಹೊತ್ತು ಮುಳುಗುವ ಮೊದಲೇ ಬಂದರು. ಚೀಲದಿಂದ ದೊಡ್ಡದೊಂದು ಚಕ್ಕೋತ ತೆಗೆದು ನನ್ನ ಎರಡೂ ಕೈಗೆ ಇಟ್ಟರು. ತಣ್ಣಗಿತ್ತು, ಮಗುವಿನ ತಲೆಯಷ್ಟು ಭಾರ.

ನನ್ನ ಕಾಲುಗಳು ತಾವಾಗಿಯೇ ನಡುಮನೆಯ ಕಡೆ ಹೋದವು. ಫೋಟೋದ ಮುಂದೆ ಬಾಗಿದ್ದೆ.

"ಅಲ್ಲಿಗ್ಯಾಕೆ?" ಭಾವ ಹೊಸಿಲಲ್ಲೇ ನಿಂತಿದ್ದರು. "ಅವಳ್ಗೆ ಚಕ್ಕೋತ ಆಗ್ತಿರ್ಲಿಲ್ಲ."

ಹೌದು. ಅಕ್ಕನಿಗೆ ಇದರ ವಾಸನೆಯೂ ಆಗುತ್ತಿರಲಿಲ್ಲ. ಮನೆಯಲ್ಲಿ ಇದನ್ನು ಸುಲಿದರೆ ಮೂಗು ಮುಚ್ಚಿಕೊಂಡು ಹಿತ್ತಲಿಗೆ ಓಡುತ್ತಿದ್ದಳು.

"ನಿಮ್ಮೂರಿಗೆ ಬಂದಾಗ ನೋಡ್ತಿದ್ನಲ್ಲ, ಮೆಟ್ಲು ಮೇಲೆ ಕೂತ್ಕಂಡು ಉಪ್ಪು ಖಾರ ಹಾಕ್ಕಂಡು ಒಬ್ಳೇ ತಿಂದಾಕ್ತಿದ್ದೆ. ಅವಳು ಬೈಯೋಳು, ನೀನ್ ಕೇಳ್ತಾನೇ ಇರ್ಲಿಲ್ಲ. ಅಂಗಡೀಲಿ ಏನ್ ತಂದ್ರೂ ಅಮ್ಮ ಅಲ್ಲಿ ಇಡು ಅಂತಾರೆ. ಇದನ್ನ ಇಡೋ ಹಂಗಿಲ್ಲ. ತಿನ್ನು."

ಅಲ್ಲೇ, ನಡುಮನೆಯಲ್ಲೇ ಕೂತು ಸುಲಿದೆ. ಸಿಪ್ಪೆಯ ಘಾಟು ಮನೆಯೆಲ್ಲ ತುಂಬಿ ಊದುಬತ್ತಿಯ ವಾಸನೆ ಎಲ್ಲಿ ಹೋಯಿತೋ. ಒಂದು ತೊಳೆ ಬಾಯಿಗೆ ಹಾಕಿಕೊಂಡೆ. ಹುಳಿಗೆ ಕಣ್ಣು ಮುಚ್ಚಿತು. ಮುಚ್ಚಿದ ಕಣ್ಣಲ್ಲಿ ಅಕ್ಕ ಮೂಗು ಹಿಡಿದುಕೊಂಡು "ಥೂ, ಆಚೆ ಹೋಗಿ ತಿನ್ನೇ" ಅಂದಳು. ನಾನು ಹೋಗಲಿಲ್ಲ. ಅಲ್ಲೇ ಕೂತು ಇನ್ನೊಂದು ತೊಳೆ ಬಿಡಿಸಿದೆ.